ಅಲ್ಬೇನಿಯಾದ ಸಾಂಪ್ರದಾಯಿಕ ಹೋಟೆಲಿನಲ್ಲಿ ಊಟ: ಪದೇ ಪದೇ ಕೇಳುವ ಪ್ರಶ್ನೆಗಳು

ಅಲ್ಬೇನಿಯಾಕ್ಕೆ ಪ್ರವಾಸ ಹೊರಟ ಕನ್ನಡಿಗರು ಊಟದ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಮೊದಲ ಸಲ ಹೋಗುವವರಿಗೆ ಬೇಕಾದವು ಮೊದಲು, ತುಸು ಒಳಗಿನ ಸಂಗತಿಗಳು ಆಮೇಲೆ. ಮೆನು ಕಾರ್ಡ್‌ಗಿಂತ ಅಡುಗೆಮನೆಯಲ್ಲಿ ಇವತ್ತು ಏನಾಗಿದೆ ಎಂಬುದೇ ಅಲ್ಲಿ ಮುಖ್ಯ. ಹಾಗಾಗಿ ಕೆಳಗಿನ ಬಹುಪಾಲು ಉತ್ತರಗಳು ಏನನ್ನು ಕೇಳಬೇಕು, ಹೇಗೆ ಕೇಳಬೇಕು ಎಂಬುದರ ಸುತ್ತಲೇ ಇವೆ.

## ಹೋಗುವ ಮುನ್ನ

ಬೋರ್ಡ್ ನೋಡಿದ ತಕ್ಷಣ ಇದು ಎಂಥ ಹೋಟೆಲ್ ಅಂತ ಗೊತ್ತಾಗೋದು ಹೇಗೆ?

‘ಬ್ಯುರೆಕ್‌ತೋರೆ’ ಎಂದಿದ್ದರೆ ಅಲ್ಲಿ ಸಿಗುವುದು ಬ್ಯುರೆಕ್ ಮಾತ್ರ: ತೆಳ್ಳನೆಯ ಹಿಟ್ಟಿನ ಹಾಳೆಗಳನ್ನು ಪದರ ಪದರವಾಗಿ ಹಾಸಿ, ನಡುವೆ ಗಿಣ್ಣು (ಚೀಸ್), ಪಾಲಕ್ ಅಥವಾ ಮಾಂಸ ತುಂಬಿ ಒಲೆಯಲ್ಲಿ ಬೇಯಿಸಿದ ತಿಂಡಿ. ಬೆಳಗಿನ ಹೊತ್ತು ಜನ ಇಲ್ಲೇ ನಿಂತು ತಿಂದು ಕೆಲಸಕ್ಕೆ ಹೋಗುತ್ತಾರೆ. ‘ಜ್ಗಾರ’ ಎಂದರೆ ಕೆಂಡದ ಮೇಲೆ ಸುಟ್ಟ ಮಾಂಸದ ಅಂಗಡಿ. ‘ಜೆಲ್‌ತೋರೆ’ಯಲ್ಲಿ ಗಾಜಿನ ಹಿಂದೆ ದೊಡ್ಡ ದೊಡ್ಡ ಟ್ರೇಗಳಲ್ಲಿ ಅಂದಿನ ಅಡುಗೆ ಇಟ್ಟಿರುತ್ತಾರೆ. ಬೆರಳು ತೋರಿಸಿದರೆ ಸಾಕು, ಭಾಷೆಯೇ ಬೇಕಿಲ್ಲ. ಪ್ರವಾಸಿಗಳಿಗೆಂದು ‘ಸಾಂಪ್ರದಾಯಿಕ’ ಎಂದು ಬರೆದುಕೊಂಡ ಜಾಗಗಳಲ್ಲಿ ಕಲ್ಲಿನ ಗೋಡೆ, ಕೆಂಪು ನೇಯ್ಗೆಯ ಹಾಸು, ‘ಸೋಫ್ರ’ ಎಂಬ ಗಿಡ್ಡ ದುಂಡು ಮೇಜು ಇರುತ್ತವೆ. ಊಟ ಅಲ್ಲಿಯೂ ಚೆನ್ನಾಗಿಯೇ ಇರಬಹುದು. ಆದರೆ ಮನೆಯ ಅಡುಗೆಗೆ ಹತ್ತಿರದ ರುಚಿ ಬೇಕಿದ್ದರೆ ಅಲಂಕಾರವೇ ಇಲ್ಲದ ಜೆಲ್‌ತೋರೆಯೇ ವಾಸಿ.

‘ಅಗ್ರೊತುರಿಜ್ಮ್’ ಎಂಬ ಬೋರ್ಡು ಊರಾಚೆ ಕಾಣುತ್ತದೆ. ಇವು ತಮ್ಮ ಜಮೀನಿನಲ್ಲಿ, ಸುತ್ತಲ ಹಳ್ಳಿಗಳಲ್ಲಿ ಬೆಳೆದದ್ದನ್ನೇ ಬಡಿಸುವ ತೋಟದ ಹೋಟೆಲುಗಳು. ಲೆಝಾ ಸೀಮೆಯ ಫಿಶ್ತ ಎಂಬ ಹಳ್ಳಿಯಲ್ಲಿರುವ ‘ಮ್ರಿಜಿ ಇ ಜಾನವೆ’ ಇವುಗಳಲ್ಲಿ ಹೆಸರುವಾಸಿ. ಇಂಥ ಕಡೆ ಮುಂಚೆಯೇ ಫೋನ್ ಮಾಡಿ ಜಾಗ ಕಾಯ್ದಿರಿಸದೆ ಹೋಗಬೇಡಿ, ವಾರಾಂತ್ಯದಲ್ಲಂತೂ ಬೇಡವೇ ಬೇಡ.

ಎಷ್ಟು ಗಂಟೆಗೆ ಹೋದರೆ ಸರಿ?

ಬ್ಯುರೆಕ್‌ಗೆ ಬೆಳಗ್ಗೆ 9ರೊಳಗೆ. ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ಮೆತ್ತಗಾಗಿ ಎಣ್ಣೆ ಬಿಟ್ಟಿರುತ್ತದೆ. ಜೆಲ್‌ತೋರೆಗೆ 12ರಿಂದ 2ರ ನಡುವೆ. ಅದಾದ ಮೇಲೆ ಟ್ರೇಗಳು ಖಾಲಿ, ಮತ್ತೆ ಮಾಡುವುದಿಲ್ಲ. ರಾತ್ರಿಯೂಟ ತಡ: ಸಂಜೆ ಊರವರೆಲ್ಲ ಮುಖ್ಯ ಬೀದಿಯಲ್ಲಿ ಅಡ್ಡಾಡುವ ‘ಜಿರೋ’ ಮುಗಿದು, 8 ಗಂಟೆಯ ನಂತರ. 6:30ಕ್ಕೆ ಹೋದರೆ ಬಾಗಿಲು ತೆರೆದಿರುತ್ತದೆ, ಆದರೆ ಕೆಂಡ ಇನ್ನೂ ಸಿದ್ಧವಿರುವುದಿಲ್ಲ.

ಒಬ್ಬರಿಗೆ ಎಷ್ಟು ಖರ್ಚಾಗುತ್ತೆ?

ಅಲ್ಲಿನ ಹಣ ಲೆಕ್. ಒಂದು ಯೂರೊಗೆ ಸುಮಾರು 100 ಲೆಕ್, ಅಥವಾ ತುಸು ಕಡಿಮೆ. ನಮಗಿರುವ ಅನುಕೂಲವೆಂದರೆ ಒಂದು ಲೆಕ್ ಹೆಚ್ಚುಕಮ್ಮಿ ಒಂದು ರೂಪಾಯಿಯ ಆಸುಪಾಸಿನಲ್ಲೇ ಇರುತ್ತದೆ. ಬೆಲೆಪಟ್ಟಿ ಓದುವಾಗ ಲೆಕ್ಕ ಹಾಕುವ ಗೋಜಿಲ್ಲ.

ಒಂದು ತುಂಡು ಬ್ಯುರೆಕ್ ಸುಮಾರು 60–120 ಲೆಕ್, ಜೆಲ್‌ತೋರೆಯಲ್ಲಿ ಹೊಟ್ಟೆ ತುಂಬ ಊಟ 500–800, ಕೂತು ಉಣ್ಣುವ ಸಾಂಪ್ರದಾಯಿಕ ಹೋಟೆಲಿನಲ್ಲಿ 1200–2000 ಎಂದಿಟ್ಟುಕೊಳ್ಳಿ. ಸರಾಂದ, ಕ್ಸಮಿಲ್ ಕಡಲತೀರಗಳಲ್ಲಿ ಜುಲೈ–ಆಗಸ್ಟ್‌ನಲ್ಲಿ ಈ ಲೆಕ್ಕ ನಡೆಯುವುದಿಲ್ಲ.

## ಏನು ತರಿಸಬೇಕು

ನಾವು ನಾಲ್ಕು ಜನ, ಮೊದಲ ಸಲ. ಏನೇನು ಆರ್ಡರ್ ಮಾಡೋದು?

ಒಬ್ಬೊಬ್ಬರಿಗೂ ಒಂದೊಂದು ಸಲಾಡ್, ಒಂದೊಂದು ಮುಖ್ಯ ತಿನಿಸು ಎಂದು ಹೇಳಿದರೆ ಅರ್ಧ ಉಳಿಯುತ್ತದೆ. ಅಲ್ಲಿ ತಟ್ಟೆಗಳನ್ನು ಮೇಜಿನ ನಡುವೆ ಇಟ್ಟು ಹಂಚಿಕೊಂಡು ತಿನ್ನುವುದೇ ರೂಢಿ. ನಾಲ್ವರಿಗೆ ಒಂದು ದೊಡ್ಡ ಹಳ್ಳಿ ಸಲಾಡ್, ಒಂದು ಫೆರ್ಗೆಸ (ಏನೆಂದು ಮುಂದಿನ ಉತ್ತರದಲ್ಲಿದೆ), ಒಂದು ತಟ್ಟೆ ಬ್ಯುರೆಕ್, ಒಂದು ಬಟ್ಟಲು ಮೊಸರು ಅಥವಾ ಸೌತೆ-ಬೆಳ್ಳುಳ್ಳಿ ಹಾಕಿದ ಮೊಸರು, ಎರಡು ಮುಖ್ಯ ತಿನಿಸು. ಇಷ್ಟು ಹೇಳಿ ನಿಲ್ಲಿಸಿ. ಸಾಲದಿದ್ದರೆ ಆಮೇಲೆ ಹೇಳಬಹುದು. ಬ್ರೆಡ್ಡು ಕೇಳದೆಯೇ ಬರುತ್ತದೆ. ಕೆಲವು ಕಡೆ ಅದಕ್ಕೆ ಚಿಕ್ಕ ಮೊತ್ತ ಬಿಲ್‌ನಲ್ಲಿ ಸೇರಿರುತ್ತದೆ.

ಮೆನು ಬರುವ ಮೊದಲೇ ಕೇಳಬೇಕಾದ ಪ್ರಶ್ನೆ: “ಚ್ಫಾರ್ ಕೆನಿ ಗಾತಿ ಸೋತ್?” ಅಂದರೆ, ಇವತ್ತು ಏನು ತಯಾರಿದೆ? ಮೆನುವಿನಲ್ಲಿರುವ ಅರವತ್ತು ಹೆಸರುಗಳಲ್ಲಿ ಆ ದಿನ ಬೆಳಗ್ಗೆ ಮಾಡಿದ್ದು ನಾಲ್ಕೈದು ಮಾತ್ರ ಇರಬಹುದು. ತಿನ್ನಬೇಕಾದ್ದು ಆ ನಾಲ್ಕೈದನ್ನೇ.

ತಾವ್ ಕೋಸಿ, ಫೆರ್ಗೆಸ ಅಂತೆಲ್ಲಾ ಹೇಳ್ತಾರಲ್ಲ, ಅವು ನಿಜಕ್ಕೂ ಏನು?

ತಾವ್ ಕೋಸಿ ಎಲ್ಬಸಾನ್ ಊರಿನದು, ಈಗ ಇಡೀ ದೇಶದ್ದು. ಕುರಿಮರಿ ಮಾಂಸವನ್ನು ಬೇಯಿಸಿ, ಸ್ವಲ್ಪ ಅಕ್ಕಿಯ ಜೊತೆ ಮಣ್ಣಿನ ಪಾತ್ರೆಗೆ ಹಾಕಿ, ಮೇಲೆ ಮೊಸರು-ಮೊಟ್ಟೆಯ ಮಿಶ್ರಣ ಸುರಿದು ಒಲೆಯಲ್ಲಿ ಬೇಯಿಸುತ್ತಾರೆ. ಬೆಣ್ಣೆಯಲ್ಲಿ ಹುರಿದ ಮೈದಾ ಸೇರಿಸುವುದು ಮೊಸರು ಒಡೆಯದಿರಲೆಂದು. ಸರಿಯಾಗಿ ಆಗಿದ್ದರೆ ಮೇಲ್ಪದರ ಹೊಂಬಣ್ಣಕ್ಕೆ ತಿರುಗಿ ಉಬ್ಬಿರುತ್ತದೆ, ಒಳಗೆ ಗಿಣ್ಣುಹಾಲಿನ ಸಿಹಿಯಂತೆ ಅಲುಗುತ್ತದೆ, ರುಚಿ ಮಂದ ಹುಳಿ. ತಟ್ಟೆಯ ಅಂಚಿನಲ್ಲಿ ನೀರು ಬಿಟ್ಟು ಮೊಸರು ಹರಳು ಹರಳಾಗಿದ್ದರೆ, ಒಂದೋ ಹಿಂದಿನ ದಿನದ್ದನ್ನು ಬಿಸಿ ಮಾಡಿದ್ದಾರೆ, ಇಲ್ಲವೇ ಉರಿ ಜಾಸ್ತಿಯಾಗಿದೆ. ಆರಿದರೆ ಕುರಿಯ ಕೊಬ್ಬು ಗಟ್ಟಿಯಾಗಿ ಬಾಯಿಗೆ ಅಂಟುತ್ತದೆ, ಬಂದ ಕೂಡಲೇ ತಿನ್ನಿ.

ಫೆರ್ಗೆಸ ರಾಜಧಾನಿ ತಿರಾನಾದ್ದು: ಸುಟ್ಟು ಸಿಪ್ಪೆ ತೆಗೆದ ದೊಣ್ಣೆಮೆಣಸಿನಕಾಯಿ, ಟೊಮೆಟೊ ಮತ್ತು ‘ಜೀಜ’ ಎಂಬ ಉಪ್ಪುಪ್ಪಾದ ಪುಡಿ ಗಿಣ್ಣು. ಮಣ್ಣಿನ ಬಟ್ಟಲಲ್ಲಿ ಕುದಿಯುತ್ತಲೇ ಬರುತ್ತದೆ, ಬ್ರೆಡ್ ಅದ್ದಿಕೊಂಡು ತಿನ್ನಬೇಕು. ಇದರಲ್ಲೇ ಈಲಿ (ಲಿವರ್) ಹಾಕಿ ಮಾಡುವ ಬಗೆಯೂ ಇದೆ. ‘ಮೆ ಮಲ್ಚಿ’ ಎಂದು ಬರೆದಿದ್ದರೆ ಅದು ಈಲಿಯದ್ದು.

ಯಾವ ಊರಿನಲ್ಲಿ ಏನು ತಿನ್ನಬೇಕು?

ಪ್ರವಾಸಿಗಳು ಎಲ್ಲೆಡೆ ಅದೇ ತಾವ್ ಕೋಸಿ ತಿಂದು ಬರುತ್ತಾರೆ. ಆದರೆ ಅಲ್ಲಿ ಅಡುಗೆ ಕಣಿವೆಯಿಂದ ಕಣಿವೆಗೆ ಬದಲಾಗುತ್ತದೆ.

ಜಿರೊಕಾಸ್ತರ್‌ನಲ್ಲಿ ಚಿಫ್ಚಿ: ಬೆಂದ ಅನ್ನಕ್ಕೆ ಮೊಟ್ಟೆ, ಪುದೀನ, ಕಾಳುಮೆಣಸು ಸೇರಿಸಿ ಗುಳಿಗಳಿರುವ ಕಾವಲಿಯಲ್ಲಿ ಹೊರಳಿಸಿ ಬೇಯಿಸುವ ಉಂಡೆ. ಕಾವಲಿ ಕಂಡರೆ ನಮ್ಮ ಪಡ್ಡು ಹಂಚೇ ನೆನಪಾಗುತ್ತದೆ. ಬಿಸಿಯಿದ್ದಾಗ ಹೊರಗೆ ಗರಿಗರಿ, ತಣ್ಣಗಾದರೆ ಬರೀ ಅನ್ನದ ಮುದ್ದೆ. ಅದೇ ಊರಿನ ‘ಓಶಾಫ್’ ಸಿಹಿಯನ್ನು ಒಣ ಅಂಜೂರ ಮತ್ತು ಕುರಿಹಾಲಿನಿಂದ ಮಾಡುತ್ತಾರೆ.

ಕೊರ್ಚಾದಲ್ಲಿ ಲಾಕ್ರೋರ್ ಎಂಬ ದೊಡ್ಡ ದುಂಡನೆಯ ಕಡುಬು, ಬೂದಿ-ಕೆಂಡದ ಮುಚ್ಚಳದ ಕೆಳಗೆ ಬೆಂದದ್ದು. ಈರುಳ್ಳಿ-ಟೊಮೆಟೊ ಅಥವಾ ಲೀಕ್ ಎಂಬ ಈರುಳ್ಳಿ ಜಾತಿಯ ಸೊಪ್ಪಿನ ಹೂರಣ. ಇದರ ಜೊತೆಗೆ 1928ರಲ್ಲಿ ಶುರುವಾದ ಅಲ್ಲಿನದೇ ಬಿಯರ್. ಪೊಗ್ರಾದೆತ್ಸ್‌ನಲ್ಲಿ ಓಹ್ರಿದ್ ಸರೋವರದಲ್ಲಿ ಮಾತ್ರ ಇರುವ ‘ಕೋರಾನ್’ ಮೀನು. ಇದು ಈಗ ಅಪರೂಪ. ಅಗ್ಗಕ್ಕೆ ಸಿಕ್ಕಿತೆಂದರೆ ಅದು ಸಾಕಿದ ಬೇರೆ ಟ್ರೌಟ್ ಇರಬಹುದು. ಶ್ಕೋದರ್‌ನಲ್ಲಿ ಸರೋವರದ ಕಾರ್ಪ್ ಮೀನನ್ನು ಮಣ್ಣಿನ ಪಾತ್ರೆಯಲ್ಲಿ ಬೇಯಿಸುತ್ತಾರೆ. ಮುಳ್ಳು ಬಹಳ, ಮಕ್ಕಳಿಗೆ ಕೊಡುವಾಗ ಎಚ್ಚರ. ಸರಾಂದದ ಬಳಿ ಬುತ್ರಿಂತ್ ಸರೋವರದ ಚಿಪ್ಪುಮೀನು. ಪರ್ಮೆತ್‌ನಲ್ಲಿ ‘ಗ್ಲಿಕೊ’: ಎಳೆಯ ಅಕ್ರೋಟು, ಅಂಜೂರ, ಚೆರ್ರಿಗಳನ್ನು ಇಡಿಯಾಗಿಯೇ ಸಕ್ಕರೆ ಪಾಕದಲ್ಲಿ ಕುದಿಸಿದ್ದು. ಒಂದು ಚಮಚ ಗ್ಲಿಕೊ, ಒಂದು ಲೋಟ ತಣ್ಣೀರು. ಅಷ್ಟೇ ಬಡಿಸುತ್ತಾರೆ, ಅಷ್ಟೇ ತಿನ್ನಲಾಗುವುದು.

ಖಾರ ಇರುತ್ತಾ? ಉಪ್ಪಿನಕಾಯಿ ಒಯ್ಯಬೇಕಾ?

ಖಾರ ಇಲ್ಲವೇ ಇಲ್ಲ ಎನ್ನಬಹುದು. ಪುದೀನ, ಸಬ್ಬಸಿಗೆ, ಓರೆಗಾನೊ, ಬೆಳ್ಳುಳ್ಳಿ, ಕಾಳುಮೆಣಸು, ಆಲಿವ್ ಎಣ್ಣೆ ಅಥವಾ ಬೆಣ್ಣೆ ಇವೇ ರುಚಿಗೆ ಆಧಾರ. “ಸ್ಪೆತ್ಸ್ ದ್ಯೆಗಸ್” ಎಂದು ಕೇಳಿದರೆ ಖಾರದ ಮೆಣಸಿನಕಾಯಿ ತಂದುಕೊಡುತ್ತಾರೆ. ‘ತುರ್ಶಿ’ ಎಂಬ ಅಲ್ಲಿನ ಉಪ್ಪಿನಕಾಯಿ ಉಪ್ಪುನೀರು-ವಿನಿಗರ್‌ನಲ್ಲಿ ಹುಳಿ ಬರಿಸಿದ ತರಕಾರಿ. ಮಸಾಲೆಯೂ ಇಲ್ಲ, ಎಣ್ಣೆಯೂ ಇಲ್ಲ. ನಾಲಗೆ ಒಪ್ಪದವರು ಒಂದು ಚಿಕ್ಕ ಡಬ್ಬಿ ಚಟ್ನಿಪುಡಿ ಇಟ್ಟುಕೊಂಡರೆ ತಪ್ಪೇನಿಲ್ಲ.

## ಸಸ್ಯಾಹಾರ, ಬೀಫ್, ಹಂದಿ

ನಾನು ಸಸ್ಯಾಹಾರಿ. ಬ್ರೆಡ್ಡು-ಸಲಾಡಿನಲ್ಲೇ ದಿನ ಕಳೀಬೇಕಾ?

ಬೇಕಿಲ್ಲ. ಬೇಸಿಗೆಯಲ್ಲಂತೂ ಹಬ್ಬವೇ. ಫೆರ್ಗೆಸ, ಪಾಲಕ್ ಅಥವಾ ಸಿಹಿಗುಂಬಳದ ಬ್ಯುರೆಕ್, ಎಣ್ಣೆಯಲ್ಲಿ ಬಾಡಿಸಿದ ಈರುಳ್ಳಿ-ಬೆಳ್ಳುಳ್ಳಿ-ಟೊಮೆಟೊ ತುಂಬಿದ ಬದನೆಕಾಯಿ ‘ಇಮಾಮ್ ಬಯಲ್ದಿ’, ಅಕ್ಕಿ ತುಂಬಿದ ದೊಣ್ಣೆಮೆಣಸಿನಕಾಯಿ, ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನದ ‘ಯಪ್ರಾಕ್’, ಕೆಂಡದ ಮೇಲೆ ಸುಟ್ಟ ತರಕಾರಿ, ಮೆಕ್ಕೆಜೋಳದ ರೊಟ್ಟಿ. ಚಳಿಗಾಲದಲ್ಲಿ ಆಯ್ಕೆ ಕಡಿಮೆ: ಲೀಕ್, ಎಲೆಕೋಸು, ಬಿಳಿ ಬೀನ್ಸ್ ಕಾಳಿನ ‘ಫಸೂಲೆ’.

ಎಡವಟ್ಟಾಗುವುದು ಕಾಣದ ಮಾಂಸದಲ್ಲಿ. ಪಿಲಾಫ್ ಅನ್ನವನ್ನು ಮಾಂಸ ಬೇಯಿಸಿದ ನೀರಿನಲ್ಲಿ ಮಾಡುವುದು ಸಾಮಾನ್ಯ. ಫಸೂಲೆಯಲ್ಲಿ ಒಂದು ತುಂಡು ಮಾಂಸ ಹಾಕಿ ಕುದಿಸಿ ಬಡಿಸುವಾಗ ತೆಗೆದಿರುತ್ತಾರೆ. ಬೆಂಡೆಕಾಯಿ ಪಲ್ಯ ಕಂಡು ಹಿಗ್ಗಬೇಡಿ, ಅದೂ ಎಷ್ಟೋ ಸಲ ಮಾಂಸದ ಜೊತೆ ಬೆಂದದ್ದೇ. ತುಂಬಿದ ಮೆಣಸಿನಕಾಯಿ ಮತ್ತು ಯಪ್ರಾಕ್‌ಗೆ ಕೈಮಾ ಸೇರಿಸುವವರೂ ಇದ್ದಾರೆ. “ಸಸ್ಯಾಹಾರಿಯಾ?” ಎಂದು ಕೇಳಿದರೆ ಬಹುಪಾಲು “ಹೌದು” ಎಂದೇ ಉತ್ತರ ಬರುತ್ತದೆ, ಏಕೆಂದರೆ ತಟ್ಟೆಯಲ್ಲಿ ಮಾಂಸ ಕಾಣುವುದಿಲ್ಲವಲ್ಲ! ಹಾಗೆ ಕೇಳುವ ಬದಲು “ಆ ಕಾ ಮಿಶ್ ಬ್ರೆಂದ?” (ಒಳಗೆ ಮಾಂಸ ಇದೆಯೇ?) ಎಂದು ಪ್ರತಿ ತಿನಿಸಿಗೂ ಬೇರೆ ಬೇರೆಯಾಗಿ ಕೇಳಿ. ಅನ್ನ, ಬೀನ್ಸ್ ಕಾಳು, ಸೂಪುಗಳಿಗೆ “ಲಂಗ್ ಮಿಶಿ?” (ಮಾಂಸದ ರಸ?) ಎಂಬ ಎರಡನೇ ಪ್ರಶ್ನೆಯೂ ಬೇಕು.

ಮೊಟ್ಟೆಯೂ ತಿನ್ನಲ್ಲ, ಈರುಳ್ಳಿ-ಬೆಳ್ಳುಳ್ಳಿಯೂ ಇಲ್ಲ. ಏನು ಮಾಡಲಿ?

ಮೊಟ್ಟೆ ತಪ್ಪಿಸುವುದು ಸಾಧ್ಯ. ಚಿಫ್ಚಿಯಲ್ಲಿ ಮೊಟ್ಟೆ ಖಂಡಿತ ಇದೆ, ಪಾಲಕ್-ಗಿಣ್ಣಿನ ಬ್ಯುರೆಕ್‌ನ ಹೂರಣದಲ್ಲಿ ಹಲವರು ಹಾಕುತ್ತಾರೆ, ಫೆರ್ಗೆಸದಲ್ಲಿಯೂ ಕೆಲವರು ಒಡೆದು ಹಾಕುವುದುಂಟು. “ಪಾ ವೇಜ” ಎಂದರೆ ಮೊಟ್ಟೆಯಿಲ್ಲದೆ. ಆದರೆ ಬೆಳಗ್ಗೆಯೇ ಬೇಯಿಸಿಟ್ಟದ್ದರಿಂದ ಮೊಟ್ಟೆ ತೆಗೆಯಲಾಗುವುದಿಲ್ಲ, ಇದೆಯೋ ಇಲ್ಲವೋ ಎಂದಷ್ಟೇ ಕೇಳಬೇಕು. ಬಿಳಿ ಗಿಣ್ಣನ್ನು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯ ರೆನೆಟ್ ಬಳಸಿರಬಹುದು ಎಂಬುದು ಕಟ್ಟುನಿಟ್ಟಿನವರಿಗೆ ತಿಳಿದಿರಲಿ.

ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಬೇಯಿಸಿದ ಅಡುಗೆ ಸಿಗುವುದು ಕಷ್ಟ. ಸುಟ್ಟ ತರಕಾರಿ, ಮೊಸರು, ಬ್ರೆಡ್, ಜೇನು ಹಾಕಿದ ‘ಪೆತುಲ’ (ಎಣ್ಣೆಯಲ್ಲಿ ಕರಿದ ಹಿಟ್ಟಿನ ತಿಂಡಿ), ಹಣ್ಣು ಇಷ್ಟೇ ಉಳಿಯುವುದು. ಪೆತುಲದ ಹಿಟ್ಟಿಗೂ ಮೊಟ್ಟೆ ಹಾಕುವವರಿದ್ದಾರೆ, ಕೇಳಿ. ಹೆಚ್ಚು ದಿನ ಇರುವುದಾದರೆ ಅಡುಗೆಮನೆ ಇರುವ ಕೋಣೆ ಬಾಡಿಗೆಗೆ ಹಿಡಿಯುವುದು ಜಾಣತನ. ತರಕಾರಿ ಮಾರುಕಟ್ಟೆಗಳು ಅಲ್ಲಿ ಸೊಗಸಾಗಿವೆ.

ದನದ ಮಾಂಸ, ಹಂದಿ ಮಾಂಸ ಬೇಡ. ಮೆನುವಿನಲ್ಲಿ ಗುರುತಿಸೋದು ಹೇಗೆ?

‘ವಿಚಿ’ ಎಂದರೆ ಕರು, ‘ಲೋಪೆ’ ಎಂದರೆ ಹಸು. ‘ದೆರಿ’ ಹಂದಿ. ‘ಚೆಂಜಿ’ ಕುರಿಮರಿ, ‘ಕೆತ್ಸಿ’ ಮೇಕೆಮರಿ, ‘ಪೂಲೆ’ ಕೋಳಿ, ‘ಪೆಶ್ಕ್’ ಮೀನು. ಯಾವ ಪ್ರಾಣಿಯೆಂದು ಹೇಳದೆ ಬರೀ ‘ಚೋಫ್ತೆ’ (ಕೈಮಾ ಉಂಡೆ), ‘ಸುಜುಕ್’ (ಒಣ ಸಾಸೇಜ್) ಅಥವಾ ‘ಬ್ಯುರೆಕ್ ಮೆ ಮಿಶ್’ ಎಂದಿದ್ದರೆ ಅದರಲ್ಲಿ ದನದ ಮಾಂಸ ಇದೆ ಎಂದೇ ಭಾವಿಸಿ. ಜನಸಂಖ್ಯೆಯಲ್ಲಿ ಮುಸ್ಲಿಂ ಮೂಲದವರು ಹೆಚ್ಚಿದ್ದಾರೆಂದು ಹಂದಿ ಇರುವುದಿಲ್ಲ ಎಂದುಕೊಳ್ಳಬೇಡಿ, ಧಾರಾಳವಾಗಿ ಸಿಗುತ್ತದೆ. ಮಾಂಸವೆಲ್ಲ ಹಲಾಲ್ ಎಂದೂ ಅಲ್ಲ. ಹಲಾಲ್ ಬೇಕಾದವರು ಹಾಗೆಂದು ಬೋರ್ಡ್ ಹಾಕಿದ ಅಂಗಡಿಯನ್ನೇ ಹುಡುಕಬೇಕು.

## ಮೇಜಿನ ಮುಂದೆ

ಸೋಫ್ರ ಮುಂದೆ ನೆಲದ ಮೇಲೆ ಕೂತು, ಕೈಯಲ್ಲಿ ತಿನ್ನಬಹುದಾ?

ಚಿಕ್ಕ ಮಣೆ ಅಥವಾ ದಿಂಬಿನ ಮೇಲೆ ಕೂರಿಸುತ್ತಾರೆ. ಮಂಡಿನೋವಿನವರು ಸಾಮಾನ್ಯ ಮೇಜು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಹಳೆಯ ಮನೆಯನ್ನೇ ಹೋಟೆಲ್ ಮಾಡಿದ್ದರೆ, ರತ್ನಗಂಬಳಿ ಹಾಸಿದ ಕೋಣೆಗೆ ಕಾಲಿಡುವ ಮೊದಲು ಚಪ್ಪಲಿ ಬಿಡಬೇಕೇ ಎಂದು ನೋಡಿಕೊಳ್ಳಿ. ಬ್ಯುರೆಕ್, ಬ್ರೆಡ್, ಮೂಳೆಯ ಮಾಂಸ ಕೈಯಲ್ಲೇ. ಸಾರಿರುವ ಅಡುಗೆಗೆ ಫೋರ್ಕ್-ಚಮಚ. ಬ್ರೆಡ್ಡಿನಿಂದ ಬಟ್ಟಲು ಒರೆಸಿ ತಿನ್ನುವುದು ಅಡುಗೆಯವರಿಗೆ ಹೊಗಳಿಕೆ. ಮಾತಿನಲ್ಲಿ ಹೇಳಬೇಕಿದ್ದರೆ “ತ ಲುಮ್ಶಿನ್ ದುವಾರ್ತ್” ಎನ್ನಿ, ‘ನಿಮ್ಮ ಕೈ ಚೆನ್ನಾಗಿರಲಿ’ ಎಂಬ ಹಾರೈಕೆ ಅದು. ಅಡುಗೆಮನೆಯಿಂದ ಅಜ್ಜಿಯೊಬ್ಬರು ಹೊರಬಂದು ಮತ್ತೊಂದು ಸೌಟು ಬಡಿಸಿದರೆ ಆಶ್ಚರ್ಯವಿಲ್ಲ.

ತಲೆ ಅಲ್ಲಾಡಿಸಿದರೆ ಅರ್ಥ ಉಲ್ಟಾ ಅಂತಾರೆ, ನಿಜವಾ?

ಹಳೆಯ ರೂಢಿಯಲ್ಲಿ ತಲೆಯನ್ನು ಆಚೀಚೆ ಆಡಿಸಿದರೆ ಹೌದು, ಮೇಲೆತ್ತಿದರೆ ಅಥವಾ ಮೇಲೆ-ಕೆಳಗೆ ಆಡಿಸಿದರೆ ಇಲ್ಲ. ಪಟ್ಟಣದ ಯುವಕರು ವಿದೇಶಿಯರೊಡನೆ ಹೊರಗಿನ ಪದ್ಧತಿಯನ್ನೇ ಬಳಸುತ್ತಾರೆ, ಹಾಗಾಗಿ ಯಾರು ಯಾವುದನ್ನು ಬಳಸುತ್ತಿದ್ದಾರೆ ಎಂಬುದೇ ಗೊಂದಲ. “ಇನ್ನಷ್ಟು ಹಾಕಲಾ?” ಎಂದಾಗ ನಾವು ಬೇಡವೆಂದು ಅಡ್ಡಡ್ಡ ತಲೆ ಆಡಿಸಿದರೆ ತಟ್ಟೆ ಮತ್ತೆ ತುಂಬುತ್ತದೆ. ಬಾಯಿಬಿಟ್ಟು ಹೇಳಿಬಿಡಿ: “ಪೋ” ಹೌದು, “ಯೋ” ಇಲ್ಲ, “ಫಲೆಮಿಂದೇರಿತ್” ಧನ್ಯವಾದ.

ರಾಕಿ ಕೊಟ್ಟರೆ ಬೇಡ ಅನ್ನಬಹುದಾ?

ಅನ್ನಬಹುದು. ರಾಕಿ ದ್ರಾಕ್ಷಿ, ಪ್ಲಮ್ ಅಥವಾ ಹಿಪ್ಪುನೇರಳೆಯಿಂದ ಭಟ್ಟಿ ಇಳಿಸಿದ ಮದ್ಯ. ಮನೆಯಲ್ಲಿ ಮಾಡಿದ್ದಾದರೆ 40–50 ಶೇಕಡಾ ಆಲ್ಕೋಹಾಲ್. ಕುಡಿಯುವವರು ಖಾಲಿ ಹೊಟ್ಟೆಯಲ್ಲಿ ಒಂದೇ ಗುಟುಕಿಗೆ ಎತ್ತಬೇಡಿ. ಗಿಣ್ಣು, ಆಲಿವ್ ಕಚ್ಚುತ್ತಾ ಸ್ವಲ್ಪ ಸ್ವಲ್ಪವೇ ಹೀರುವುದು ಅಲ್ಲಿನ ಕ್ರಮ. “ಗಜುವಾರ್!” ಎನ್ನುವಾಗ ಎದುರಿನವರ ಕಣ್ಣು ನೋಡಿ. ಲೋಟ ಖಾಲಿಯಾದರೆ ಮತ್ತೆ ತುಂಬುತ್ತಾರೆ, ಸಾಕೆನಿಸಿದಾಗ ಅರ್ಧ ಉಳಿಸಿ. ಕುಡಿಯದವರಿಗೆ ‘ದಲ್ಲ’ ಇದೆ: ಉಪ್ಪು ಹಾಕಿದ ತೆಳು ಮಜ್ಜಿಗೆ, ಒಗ್ಗರಣೆ ಒಂದು ಬಿಟ್ಟು ನಮ್ಮದೇ.

ಒಳಗೆ ಸಿಗರೇಟು ಹೊಗೆ ಇರುತ್ತಾ?

2006ರ ಕಾನೂನಿನ ಪ್ರಕಾರ ಒಳಾಂಗಣದಲ್ಲಿ ಸೇದುವಂತಿಲ್ಲ. ಪಾಲನೆ ಜಾಗದಿಂದ ಜಾಗಕ್ಕೆ ಬೇರೆ. ಹೊರಗಿನ ಮೇಜುಗಳಲ್ಲಂತೂ ಸೇದುತ್ತಾರೆ.

## ಬಿಲ್ಲು

‘ಐದು ಸಾವಿರ’ ಅಂದರು, ಬಿಲ್ಲಿನಲ್ಲಿ 500 ಇದೆ. ಯಾವುದು ಸರಿ?

ಬಿಲ್ಲಿನಲ್ಲಿರುವುದು. 1965ರಲ್ಲಿ ಹಳೆಯ 10 ಲೆಕ್‌ಗೆ ಹೊಸ 1 ಲೆಕ್ ಎಂದು ಬದಲಾಯಿಸಿದರೂ ಮಾತಿನಲ್ಲಿ ಹಳೆಯ ಲೆಕ್ಕವೇ ಉಳಿದುಕೊಂಡಿದೆ. ಇದು ಮೋಸವಲ್ಲ, ಊರವರ ನಡುವೆಯೂ ಹೀಗೆಯೇ ಮಾತಾಡುತ್ತಾರೆ. ಬಾಯಲ್ಲಿ ಹೇಳಿದ ಬೆಲೆ ವಿಪರೀತವೆನಿಸಿದರೆ ಒಂದು ಸೊನ್ನೆ ತೆಗೆದು ನೋಡಿ, ಸಂದೇಹವಿದ್ದರೆ ಮೊಬೈಲಿನಲ್ಲಿ ಅಂಕಿ ಬರೆದು ತೋರಿಸಲು ಹೇಳಿ. ಮೋಸವಾಗುವುದು ನಾವೇ 500ರ ವಸ್ತುವಿಗೆ 5000ದ ನೋಟು ಕೊಟ್ಟು ಚಿಲ್ಲರೆ ಕಾಯದೆ ಎದ್ದಾಗ.

ಒಂದು ಮೀನಿಗೆ ಅಷ್ಟು ದೊಡ್ಡ ಬಿಲ್ ಯಾಕೆ ಬರುತ್ತೆ?

ಮೆನುವಿನಲ್ಲಿ ಮೀನಿನ ಮುಂದೆ ಬರೆದ ಬೆಲೆ ಹೆಚ್ಚಾಗಿ ಒಂದು ಕಿಲೋದ್ದು, ಒಂದು ತಟ್ಟೆಯದ್ದಲ್ಲ. ಸುಟ್ಟ ಕುರಿಮರಿ ಮಾಂಸವನ್ನೂ ಕೆಲವೆಡೆ ತೂಕದ ಮೇಲೆಯೇ ಮಾರುತ್ತಾರೆ. ಕಿಲೋಗೆ 3000 ಲೆಕ್ ಇರುವ ಮೀನು 700 ಗ್ರಾಂ ತೂಗಿದರೆ 2100 ಆಯಿತು. ಬೇಯಿಸುವ ಮೊದಲೇ ಮೀನನ್ನು ತೋರಿಸಿ ತೂಗಲು ಹೇಳಿ, ಒಟ್ಟು ಎಷ್ಟಾಗುತ್ತದೆಂದು ಕೇಳಿ: “ಸಾ ಕುಶ್ತೋನ್?” ಬೆಂದ ಮೇಲೆ ವಾದಿಸಿ ಫಲವಿಲ್ಲ.

ಕಾರ್ಡ್ ನಡೆಯುತ್ತಾ? ಟಿಪ್ಸ್ ಎಷ್ಟು ಕೊಡಬೇಕು?

ತಿರಾನಾದ ದೊಡ್ಡ ಹೋಟೆಲುಗಳಲ್ಲಿ ಕಾರ್ಡ್ ನಡೆಯುತ್ತದೆ. ಬ್ಯುರೆಕ್‌ತೋರೆ, ಜೆಲ್‌ತೋರೆ, ಬೆಟ್ಟದ ಹಳ್ಳಿಗಳಲ್ಲಿ ನಗದೇ. ಭಾರತದಿಂದ ಯೂರೊ ಒಯ್ದು ಅಲ್ಲಿ ಲೆಕ್ ಮಾಡಿಸಿ. ಎಟಿಎಂಗಳಲ್ಲಿ ಹೊರದೇಶದ ಕಾರ್ಡಿಗೆ ಪ್ರತಿ ಸಲವೂ ನೂರಾರು ಲೆಕ್ ಶುಲ್ಕ ಬೀಳಬಹುದು. ಯೂರೊ ಕೊಟ್ಟರೂ ತೆಗೆದುಕೊಳ್ಳುತ್ತಾರೆ, ದರ ಅವರದ್ದು, ಚಿಲ್ಲರೆ ಲೆಕ್‌ನಲ್ಲಿ. ಟಿಪ್ಸ್ ಕಡ್ಡಾಯವಲ್ಲ. ಚಿಕ್ಕ ಬಿಲ್ಲನ್ನು ಮುಂದಿನ ನೂರಕ್ಕೆ ಏರಿಸಿ, ಕೂತು ಉಂಡ ದೊಡ್ಡ ಊಟಕ್ಕೆ ಶೇಕಡಾ 10ರವರೆಗೆ ಕೊಟ್ಟರೆ ಸಂತೋಷಪಡುತ್ತಾರೆ.

ಪರಿಚಯದ ಅಲ್ಬೇನಿಯನ್ನರೇ ಊಟಕ್ಕೆ ಕರೆದಿದ್ದಾರೆ. ಬಿಲ್ ಹಂಚಿಕೊಳ್ಳೋಣ ಅನ್ನಲಾ?

ಬೇಡ. ಕರೆದವರು ಕೊಡುವುದು ಅಲ್ಲಿನ ಮರ್ಯಾದೆ, ಮೇಜಿನ ಮೇಲೆ ದುಡ್ಡು ಎಣಿಸಿ ಪಾಲು ಮಾಡುವುದು ಅವರಿಗೆ ಮುಜುಗರ. ನಂತರದ ಕಾಫಿಗೆ ನೀವು ಕರೆಯಿರಿ, ಅದರ ಬಿಲ್ಲಿಗೂ ಜಗಳಕ್ಕೆ ಸಿದ್ಧರಾಗಿರಿ.

## ಇನ್ನೂ ಒಳಗೆ ಹೋದವರಿಗೆ

ಫ್ಲಿಯಾ ಎಲ್ಲಿ ಕೇಳಿದರೂ ಇಲ್ಲ ಅಂತಾರೆ. ಯಾಕೆ?

ಅದು ಉತ್ತರದ ತಿನಿಸು, ಕೊಸೊವೊದಲ್ಲೂ ಮಾಡುತ್ತಾರೆ. ಮೈದಾ-ನೀರು-ಉಪ್ಪಿನ ಹಿಟ್ಟನ್ನು ದುಂಡನೆಯ ತಟ್ಟೆಯಲ್ಲಿ ಸೂರ್ಯಕಿರಣದಂತೆ ಗೆರೆ ಗೆರೆಯಾಗಿ ಸುರಿದು, ಕೆಂಡದಲ್ಲಿ ಕಾಯಿಸಿದ ‘ಸಾಚ್’ ಎಂಬ ಕಬ್ಬಿಣದ ಮುಚ್ಚಳ ಮುಚ್ಚುತ್ತಾರೆ. ಒಂದು ಪದರ ಬೆಂದ ಮೇಲೆ ಕೆನೆ ಅಥವಾ ಬೆಣ್ಣೆ ಸವರಿ, ಖಾಲಿ ಬಿಟ್ಟ ಜಾಗಕ್ಕೆ ಮತ್ತೆ ಹಿಟ್ಟು. ಹೀಗೆ ಪದರದ ಮೇಲೆ ಪದರ ಏರಿ ಮುಗಿಯಲು ಮೂರು-ನಾಲ್ಕು ಗಂಟೆ. ಒಬ್ಬಿಬ್ಬರಿಗಾಗಿ ಯಾರೂ ಒಲೆ ಹಚ್ಚುವುದಿಲ್ಲ. ಹಿಂದಿನ ದಿನವೇ ಹೇಳಿ, ಆರೆಂಟು ಜನ ಸೇರಿ ಹೋಗಿ. ಮೊಸರು ಮತ್ತು ಜೇನಿನ ಜೊತೆ ತಿನ್ನುವ ಇದರಲ್ಲಿ ಮಾಂಸವಿಲ್ಲ.

ಪಾಚೆ, ಕುಕುರೆತ್ಸ್ ತಿನ್ನೋಕೆ ಧೈರ್ಯ ಮಾಡಬಹುದಾ?

ತಲೆಕಾಲು, ಬೋಟಿ ತಿಂದು ರೂಢಿ ಇದ್ದವರಿಗೆ ಇವು ಹೊಸದಲ್ಲ. ಪಾಚೆ ಎಂದರೆ ತಲೆಮಾಂಸ ಅಥವಾ ಜಠರದ ಗಟ್ಟಿ ಸೂಪು, ಬೆಳ್ಳುಳ್ಳಿ-ವಿನಿಗರ್ ಹಾಕಿಕೊಂಡು ಬೆಳಗಿನ ಜಾವವೇ ಕುಡಿಯುತ್ತಾರೆ. ಕುಕುರೆತ್ಸ್ ಎಂದರೆ ಒಳಭಾಗಗಳನ್ನು ಕರುಳಿನಲ್ಲಿ ಸುತ್ತಿ ಕೆಂಡದ ಮೇಲೆ ಸುಟ್ಟದ್ದು. ಜನ ತುಂಬಿರುವ ಅಂಗಡಿಯಲ್ಲಿ, ಸುಟ್ಟ ಕೂಡಲೇ ತಿನ್ನಿ. ನಿಧಾನ ಮಾರಾಟವಾಗುವ ಕಡೆ ವಾಸನೆಯೇ ಹೇಳಿಬಿಡುತ್ತದೆ.

ಥೆಥ್, ವಾಲ್ಬೋನ ಬೆಟ್ಟಗಳಲ್ಲಿ ಹೋಟೆಲೇ ಇಲ್ಲದ ಕಡೆ ಸಸ್ಯಾಹಾರಿ ಊಟ ಸಿಗುತ್ತಾ?

ಅಲ್ಲಿ ಉಳಿಯುವ ಮನೆಯಲ್ಲೇ ರಾತ್ರಿಯೂಟ. ಮೆನು ಇರುವುದಿಲ್ಲ, ಎಲ್ಲರಿಗೂ ಒಂದೇ ಅಡುಗೆ. ಕೋಣೆ ಕಾಯ್ದಿರಿಸುವಾಗ ಒಮ್ಮೆ, ಅದೇ ದಿನ ಬೆಳಗ್ಗೆ ಇನ್ನೊಮ್ಮೆ “ಪಾ ಮಿಶ್” (ಮಾಂಸವಿಲ್ಲದೆ) ಎಂದು ತಿಳಿಸಿ. ಸಂಜೆ ಹೇಳಿದರೆ ಬ್ರೆಡ್ಡು, ಗಿಣ್ಣು, ಟೊಮೆಟೊಗಳೇ ಗತಿ. ಮೊದಲೇ ಹೇಳಿದ್ದರೆ ಮೆಕ್ಕೆಜೋಳದ ರೊಟ್ಟಿ, ಬೀನ್ಸ್ ಕಾಳು, ಹುಳಿ ತರಕಾರಿ, ಕೆಲವೊಮ್ಮೆ ಬ್ಯುರೆಕ್ ಕೂಡ ಮಾಡಿಡುತ್ತಾರೆ. ಮರುದಿನದ ನಡಿಗೆಗೆ ಬುತ್ತಿ ಬೇಕಿದ್ದರೆ ಅದನ್ನೂ ರಾತ್ರಿ ಮಲಗುವ ಮುಂಚೆ ಹೇಳಿಬಿಡಿ, ಬೆಳಗ್ಗೆ 6ಕ್ಕೆ ಹೊರಡುವವರಿಗೆ ಒಲೆ ಹಚ್ಚಿರುವುದಿಲ್ಲ.

ಊಟದ ಕೊನೆಗೆ ಏನು?

ಎಲ್ಲೆಡೆ ಸಿಗುವುದು ತ್ರಿಲೆಚೆ, ಮೂರು ಬಗೆಯ ಹಾಲಿನಲ್ಲಿ ನೆನೆದ ಕೇಕ್, ಮೇಲೆ ಕ್ಯಾರಮೆಲ್. ಕೇಕಿನಲ್ಲಿ ಮೊಟ್ಟೆ ಇದೆ. ಎಲ್ಬಸಾನ್‌ನ ‘ಬಲೊಕುಮೆ’ ಮೆಕ್ಕೆಜೋಳದ ಹಿಟ್ಟು, ಬೆಣ್ಣೆ, ಮೊಟ್ಟೆ, ಸಕ್ಕರೆಯ ದಪ್ಪ ಬಿಸ್ಕತ್ತು. ಮಾರ್ಚ್ 14ರ ವಸಂತದ ಹಬ್ಬಕ್ಕೆ ಮನೆ ಮನೆಯಲ್ಲೂ ಮಾಡುತ್ತಾರೆ, ತಿನ್ನಲು ಅದೇ ಒಳ್ಳೆಯ ಸಮಯ. ಕಾಫಿ ಎಂದರೆ ಎಸ್ಪ್ರೆಸ್ಸೊ, ಹಾಲಿನದ್ದು ಬೇಕಿದ್ದರೆ ‘ಮಕಿಯಾತೊ’. ತಳದಲ್ಲಿ ಗಸಿ ಉಳಿಯುವ ಟರ್ಕಿ ಕಾಫಿಗೆ ಸಕ್ಕರೆಯನ್ನು ಕುದಿಸುವಾಗಲೇ ಹಾಕುತ್ತಾರೆ, ಎಷ್ಟು ಬೇಕೆಂದು ಮೊದಲೇ ಹೇಳಬೇಕು. ಕಾಫಿ ಬೇಡವಾದರೆ ‘ಚಾಯ್ ಮಾಲಿ’ ಕೇಳಿ. ಹೆಸರಿನಲ್ಲಿ ಚಾಯ್ ಇದ್ದರೂ ಹಾಲೂ ಇಲ್ಲ, ಚಹಾ ಎಲೆಯೂ ಇಲ್ಲ. ಬೆಟ್ಟದ ಗಿಡವೊಂದರ ಒಣ ಹೂಗೊಂಚಲನ್ನು ನೀರಿನಲ್ಲಿ ಐದು ನಿಮಿಷ ಕುದಿಸಿ ಜೇನಿನೊಡನೆ ಕೊಡುತ್ತಾರೆ.